ಅಮ್ಮನ ಜೊತೆ ಕ್ಯೋಟೊ: ಮೂರು ದಿನದಲ್ಲಿ ಹದಿನಾಲ್ಕು ದೇವಸ್ಥಾನ ಆಗುತ್ತಾ?

ಚಿತ್ರಾನ್ನ_ಪ್ರಿಯ

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ನವೆಂಬರ್‌ನಲ್ಲಿ ಜಪಾನಿನ ಒಸಾಕಾಗೆ ಹೋಗುತ್ತಿದ್ದೇನೆ. ಈ ಸಲ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಕೆಲಸ ಮುಗಿದ ಮೇಲೆ 19, 20, 21 ಮೂರು ದಿನ ಕ್ಯೋಟೊಗೆ ಅಂತ ಇಟ್ಟಿದ್ದೇನೆ.

ಅಮ್ಮನಿಗೆ 67 ವರ್ಷ. ಮಂಡಿ ನೋವಿದೆ. ದೇವಸ್ಥಾನ ಅಂದರೆ ಮಾತ್ರ ಆ ನೋವು ಮರೆತುಹೋಗುತ್ತದೆ, ರಾತ್ರಿ ರೂಮಿಗೆ ಬಂದ ಮೇಲೆ ನೆನಪಾಗುತ್ತದೆ. ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ.

ನೆಟ್ ನೋಡಿ ಒಂದು ಪಟ್ಟಿ ಮಾಡಿದ್ದೇನೆ: ಕಿಂಕಾಕುಜಿ, ರಿಯೋಆನ್‌ಜಿ, ನಿನ್ನಾಜಿ, ಟೆನ್ರಿಯೂಜಿ, ಗಿಂಕಾಕುಜಿ, ನಾನ್‌ಜೆನ್‌ಜಿ, ಕಿಯೊಮಿಜು, ಕೆನ್ನಿನ್‌ಜಿ, ಸಾಂಜೂಸಾಂಗೆನ್‌ದೋ, ತೋಫುಕುಜಿ, ಫುಶಿಮಿ ಇನಾರಿ, ತೋಜಿ, ಹಿಗಾಶಿ ಹೊಂಗಾಂಜಿ, ಆಮೇಲೆ ಉಜಿಯ ಬ್ಯೋದೋಇನ್. ಒಟ್ಟು ಹದಿನಾಲ್ಕು. ದಿನಕ್ಕೆ ಐದರ ಲೆಕ್ಕ. ಆಗುತ್ತಾ? ಹೋಗಿಬಂದವರು ದಯವಿಟ್ಟು ಹೇಳಿ.

ಒಸಾಕಾದ_ಸೊಸೆ

ಆಗಲ್ಲ.

ಅಷ್ಟೇ ಹೇಳಿ ಸುಮ್ಮನಾದರೆ ಚೆನ್ನಾಗಿರಲ್ಲ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿಗೆ ಬಂದು ಬಹಳ ವರ್ಷ ಆಯ್ತು. ಊರಿಂದ ಯಾರೇ ಬಂದರೂ ಅವರಿಗೆ ಕ್ಯೋಟೊ ತೋರಿಸುವ ಗುತ್ತಿಗೆ ನನ್ನದೇ.

ಮೊದಲು ಟೈಮಿನ ವಿಷಯ. ನಮ್ಮಲ್ಲಿ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ಐದಕ್ಕೆ ಮತ್ತೆ ತೆಗೆಯುತ್ತಾರೆ. ಕ್ಯೋಟೊದಲ್ಲಿ ಇದು ಉಲ್ಟಾ. ಮಧ್ಯಾಹ್ನ ಪೂರ್ತಿ ತೆಗೆದಿರುತ್ತದೆ, ಹೆಚ್ಚಿನ ಕಡೆ ಸಂಜೆ ನಾಲ್ಕೂವರೆ ಐದಕ್ಕೆ ಮುಗೀತು. ಟಿಕೆಟ್ ಕೊಡುವುದನ್ನು ಅದಕ್ಕಿಂತ ಅರ್ಧ ಗಂಟೆ ಮೊದಲೇ ನಿಲ್ಲಿಸುತ್ತಾರೆ. ಎಲೆ ಕೆಂಪಾಗುವ ಕಾಲದಲ್ಲಿ ಕೆಲವು ಕಡೆ ರಾತ್ರಿ ದೀಪ ಹಾಕಿ ಬಿಡುತ್ತಾರೆ, ಆದರೆ ಆ ರಶ್ಶಿಗೆ ಅಮ್ಮನನ್ನು ತಳ್ಳಬೇಡಿ.

ಎರಡನೆಯದು, ಜಾಗಗಳು ಹತ್ತಿರ ಹತ್ತಿರ ಇಲ್ಲ. ಕಿಂಕಾಕುಜಿ ಊರಿನ ಉತ್ತರಕ್ಕೆ, ಟೆನ್ರಿಯೂಜಿ ಪಶ್ಚಿಮದ ಅಂಚಿಗೆ, ಉಜಿ ಬೇರೆ ಊರೇ. ಸಿಟಿ ಬಸ್ ನವೆಂಬರ್‌ನಲ್ಲಿ ನಮ್ಮ ಮೆಜೆಸ್ಟಿಕ್ ಬಸ್ಸಿನ ಹಾಗೆ, ಕೂರೋಕೆ ಸೀಟು ಸಿಗಲ್ಲ. ದೂರ ಇದ್ದರೆ ರೈಲು, ಹತ್ತಿರ ಇದ್ದರೆ ಟ್ಯಾಕ್ಸಿ ಅಂತ ಇಟ್ಟುಕೊಳ್ಳಿ. ದುಡ್ಡು ಹೋಗುತ್ತದೆ, ಅಮ್ಮನ ಮಂಡಿ ಉಳಿಯುತ್ತದೆ.

ಒಂದು ಒಳ್ಳೇದಾಯ್ತು, 23ನೇ ತಾರೀಕು ಇಲ್ಲಿ ರಾಷ್ಟ್ರೀಯ ರಜೆ. ಅದಕ್ಕೆ ಮೊದಲೇ ಹೊರಡುತ್ತಿದ್ದೀರಿ. ಬದುಕಿದಿರಿ.

ಕ್ಯೋಟೊದಲ್ಲಿ ಬೌದ್ಧ ದೇವಸ್ಥಾನಗಳೇ ಸುಮಾರು 1,600 ಇವೆ. ಹದಿನಾಲ್ಕು ನೋಡಿದರೂ 1,586 ಬಾಕಿ ಉಳಿಯುತ್ತವೆ. ಆರು ನೋಡಿ.

ಬಸವನಗುಡಿ_ಬೈಕು

ಸೊಸೆ ಮೇಡಂ, ಹೆದರಿಸಬೇಡಿ ಪಾಪ. ನಾನು ಎರಡು ದಿನದಲ್ಲಿ ಹನ್ನೊಂದು ಮುಗಿಸಿದ್ದೇನೆ. ಬೆಳಗ್ಗೆ ಆರಕ್ಕೆ ಕಿಯೊಮಿಜು ಬಾಗಿಲು ತೆಗೆಯುತ್ತಾರೆ, ಅಲ್ಲಿಂದ ಶುರು ಮಾಡಿ. ಬಾಡಿಗೆ ಸೈಕಲ್ ತಗೊಳ್ಳಿ. ಪ್ಲಾನಿಂಗ್ ಇದ್ದರೆ ಎಲ್ಲಾ ಆಗುತ್ತದೆ.

ತುಂಗೆಯ_ತೀರ

67 ವರ್ಷದ ಅಮ್ಮನಿಗೆ ಬಾಡಿಗೆ ಸೈಕಲ್ಲಾ?

ಬೈಕು ಅವರೇ, ತಪ್ಪು ತಿಳಿಯಬೇಡಿ. ಆ ಹನ್ನೊಂದರಲ್ಲಿ ಈಗ ನೆನಪಿರುವುದು ಎಷ್ಟು?

ಬಸವನಗುಡಿ_ಬೈಕು

ನಿಜ ಹೇಳಲಾ? ಮೂರು. ಉಳಿದದ್ದಕ್ಕೆ ಫೋಟೊ ನೋಡಬೇಕು. ಫೋಟೊ ನೋಡಿದರೂ ಎರಡರಲ್ಲಿ ಯಾವುದು ಯಾವುದು ಅಂತ ಗೊತ್ತಾಗಲ್ಲ.

ರಿಯೋಆನ್‌ಜಿಯದು ಚೆನ್ನಾಗಿ ನೆನಪಿದೆ. ಯಾಕೆ ಅಂದರೆ ಅಲ್ಲಿ ಸೋತೆ. ಬಿಳಿ ಜಲ್ಲಿ ಹಾಸಿದ ಒಂದು ಅಂಗಳ, ಅದರಲ್ಲಿ 15 ಕಲ್ಲು. ಎಲ್ಲಿ ಕೂತು ನೋಡಿದರೂ ಒಂದಾದರೂ ಮರೆಯಾಗಿರುತ್ತದೆ ಅಂತಾರೆ. ನಾನು ಹಲಗೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಜರುಗುತ್ತಾ ಎಣಿಸಿದೆ. ಹದಿನಾಲ್ಕು, ಮತ್ತೆ ಹದಿನಾಲ್ಕು. ಪಕ್ಕದಲ್ಲಿ ಒಬ್ಬ ಮುದುಕರು ಅಲ್ಲಾಡದೆ ಕೂತಿದ್ದರು. ನಾನು ಮೂರು ಸಲ ಅವರ ಮುಂದೆ ಹೋದೆ ಬಂದೆ. ಕೊನೆಗೆ ಅವರು ಪಕ್ಕದ ಹಲಗೆ ತಟ್ಟಿ ಕೂತ್ಕೋ ಅಂತ ಸನ್ನೆ ಮಾಡಿದರು. ನನಗೆ ಮುಂದಿನ ಬಸ್ಸಿತ್ತು, ಹೋಗಿಬಿಟ್ಟೆ. ಈಗ ಬೇಜಾರಾಗುತ್ತದೆ.

ಅರಸೀಕೆರೆ_ಜಂಕ್ಷನ್

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿದ್ದೀನಿ. ಇದೂ ಅದೇ ಥರ ಅಲ್ವಾ?

ತುಂಗೆಯ_ತೀರ

ಇಲ್ಲ. ಬೈಲಕುಪ್ಪೆಯದು ಟಿಬೆಟನ್ ಸಂಪ್ರದಾಯ. ಬಣ್ಣ, ಚಿನ್ನ, ಗೋಡೆ ತುಂಬ ಚಿತ್ರ. ಕ್ಯೋಟೊದಲ್ಲಿ ಹೆಚ್ಚಿನ ಕಡೆ ಬಣ್ಣ ಹಚ್ಚದ ಹಳೇ ಮರ. ಒಳಗೆ ಕತ್ತಲು. ಮೂರ್ತಿ ದೂರದಲ್ಲಿ ಮಸುಕಾಗಿ ಕಾಣುತ್ತದೆ. ನಮ್ಮ ಮಲೆನಾಡಿನ ದೊಡ್ಡ ತೊಟ್ಟಿಮನೆಯ ಜಗುಲಿಯಲ್ಲಿ ಕೂತ ಹಾಗೆ ಇರುತ್ತದೆ, ನನಗಂತೂ ಹಾಗೇ ಅನಿಸಿತು.

ಕುಡ್ಲದ_ಮೀನು

ಪಟ್ಟಿಯಲ್ಲಿ ಏನು ಬೇಕಾದರೂ ತೆಗೆಯಿರಿ, ಸಾಂಜೂಸಾಂಗೆನ್‌ದೋ ತೆಗೆಯಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಸುಮಾರು 120 ಮೀಟರ್ ಉದ್ದದ ಒಂದೇ ಮರದ ಹಜಾರ. ಒಳಗೆ 1,001 ಕಾನ್ನೊನ್ ಮೂರ್ತಿಗಳು. ನಡುವೆ ಒಂದು ದೊಡ್ಡದು ಕೂತಿದೆ, ಎರಡೂ ಕಡೆ ಐನೂರು ಐನೂರು ನಿಂತಿವೆ. ಹತ್ತು ಸಾಲು, ಮೆಟ್ಟಿಲು ಮೆಟ್ಟಿಲಾಗಿ. ಎಲ್ಲವೂ ಆಳೆತ್ತರ, ಎಲ್ಲವೂ ಚಿನ್ನದ ಲೇಪ. 1164ರಲ್ಲಿ ಕಟ್ಟಿದ್ದು, 1249ರಲ್ಲಿ ಸುಟ್ಟುಹೋಯಿತು. ಬೆಂಕಿಯಿಂದ ಹೊರಗೆ ತಂದ 124 ಮೂರ್ತಿ ಈಗಲೂ ಇವೆ. ಉಳಿದದ್ದನ್ನೆಲ್ಲ ಮತ್ತೆ ಕೆತ್ತಿದರು. ಈಗಿನ ಕಟ್ಟಡ 1266ರದು. ನಡುವಿನ ದೊಡ್ಡ ಮೂರ್ತಿ ಮಾಡಿದ ತಾಂಕೇ ಎಂಬ ಶಿಲ್ಪಿಗೆ ಆಗ ಎಂಬತ್ತು ದಾಟಿತ್ತು.

ಕಾನ್ನೊನ್ ಅಂದರೆ ನಮ್ಮ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ವ. ಮಂಗಳೂರಿನವರಿಗೆ ಇನ್ನೂ ಹತ್ತಿರದ ಹೆಸರು ಬೇಕಾದರೆ ಲೋಕೇಶ್ವರ. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಇದೆಯಲ್ಲ, ಅದರ ಪೀಠದಲ್ಲಿ ಆಳುಪ ರಾಜ ಕುಂದವರ್ಮನ ಶಾಸನ ಇದೆ. ಕ್ರಿ.ಶ. 968. ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದೆ ಅಂತ. ನಾನು ಚಿಕ್ಕಂದಿನಿಂದ ಅದಕ್ಕೆ ಕೈಮುಗಿದು ಪ್ರದಕ್ಷಿಣೆ ಹಾಕಿದವನು. ಅದು ಬುದ್ಧನ ಕಡೆಯವರದ್ದು ಅಂತ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಕ್ಯೋಟೊದಲ್ಲಿ ಆ ಸಾಲಿನ ಮುಂದೆ ನಿಂತಾಗ, ಇವರಲ್ಲಿ ಒಬ್ಬರು ನಮ್ಮೂರಲ್ಲಿದ್ದಾರೆ ಅನ್ನಿಸಿತು.

ಅಲ್ಲಿನ ಒಂದೊಂದು ಕಾನ್ನೊನ್‌ಗೂ ಸಾವಿರ ಕೈ ಅಂತಾರೆ, ಎಣಿಸಿದರೆ ಸಿಗುವುದು 42. ಮುಂದೆ ಮುಗಿದ ಎರಡು ಕೈ ಬಿಟ್ಟರೆ 40. ಒಂದೊಂದು ಕೈ 25 ಲೋಕಗಳನ್ನು ಕಾಯುತ್ತದೆ. ಗುಣಿಸಿಕೊಳ್ಳಿ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಈ ಸಾವಿರದ ಮುಂದೆ 28 ಕಾವಲು ದೇವತೆಗಳು ಸಾಲಾಗಿ ನಿಂತಿದ್ದಾರೆ. ನಿಮ್ಮ ಅಮ್ಮನಿಗೆ ಅಲ್ಲಿ ನೆಂಟರೇ ಸಿಗುತ್ತಾರೆ. ಕರುರಾ ಅಂದರೆ ಗರುಡ, ರೆಕ್ಕೆ ಇದೆ, ಕೊಕ್ಕು ಇದೆ, ಕೈಯಲ್ಲಿ ಕೊಳಲು ಹಿಡಿದು ಊದುತ್ತಿದ್ದಾನೆ. ನಾರಾಯೆನ್ ಅಂದರೆ ನಾರಾಯಣ. ಬೊಂತೆನ್ ಬ್ರಹ್ಮ. ತೈಶಾಕುತೆನ್ ಇಂದ್ರ. ಕಿನ್ನರ, ಗಂಧರ್ವ, ಅಸುರ ಎಲ್ಲರೂ ಇದ್ದಾರೆ. ಎರಡು ತುದಿಯಲ್ಲಿ ಗಾಳಿ ದೇವರು, ಗುಡುಗಿನ ದೇವರು.

ಅಲ್ಲಿನ ಜನರ ಒಂದು ನಂಬಿಕೆ ಇದೆ. ಆ ಸಾವಿರ ಮುಖಗಳಲ್ಲಿ ನೀವು ನೋಡಬೇಕು ಅಂತ ಆಸೆಪಡುವ ಮುಖ ಒಂದು ಇದ್ದೇ ಇರುತ್ತದಂತೆ. ಅಮ್ಮನಿಗೆ ಹೇಳಿ ನೋಡಿ.

ಲೆನ್ಸ್_ಲೋಕ

ಆದರೆ ಒಳಗೆ ಫೋಟೊ ತೆಗೆಯೋಕೆ ಬಿಡಲ್ಲ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದೆ.

ಕುಡ್ಲದ_ಮೀನು

ಅದಕ್ಕೇ ನನಗೆ ಇಷ್ಟೆಲ್ಲ ನೆನಪಿರುವುದು.

ಮಂಡಕ್ಕಿ_ಒಗ್ಗರಣೆ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅನುಭವ ಕೇಳಿ.

ಒಂದು ಹೋಟೆಲ್ಲಿನಲ್ಲಿ, ಹೆಸರು ಬೇಡ, 'ವೆಜಿಟೇರಿಯನ್' ಅಂತ ನಾಲ್ಕು ಸಲ ಹೇಳಿದೆ. ಹುಡುಗಿ ನಾಲ್ಕು ಸಲ ತಲೆಯಾಡಿಸಿದಳು. ಬಂತು ಬಿಸಿ ಬಿಸಿ ತೋಫು. ಮೇಲೆ ಕಂದು ಬಣ್ಣದ ತೆಳು ತೆಳು ಸಿಪ್ಪೆ ಥರದ್ದು ಉದುರಿಸಿದ್ದರು, ಹಬೆಗೆ ಅದು ಕುಣಿಯುತ್ತಿತ್ತು. ನಮ್ಮತ್ತೆ 'ಎಷ್ಟು ಚೆಂದ, ಹೂವಿನ ಎಸಳಾ?' ಅಂತ ಕೇಳಿದರು. ಒಣಮೀನಿನ ತುರಿ ಅದು. ಕತ್ಸುಓಬುಶಿ ಅಂತಾರೆ. ಅತ್ತೆ ಆ ದಿನ ಬಾಳೆಹಣ್ಣು ತಿಂದು ಮಲಗಿದರು.

ಅಲ್ಲಿ ಮೀನಿನ ಚೂರು ಕಾಣದಿದ್ದರೆ ಅದು ಸಸ್ಯಾಹಾರ ಅಂತ ತುಂಬಾ ಜನ ತಿಳಿದಿರುತ್ತಾರೆ. ಆದರೆ ಸಾರಿಗೆಲ್ಲ ಆಧಾರವೇ 'ದಾಶಿ'. ಸಾಮಾನ್ಯವಾಗಿ ಅದನ್ನು ಆ ಒಣಮೀನು ಕುದಿಸಿ ತೆಗೆಯುತ್ತಾರೆ. ಮಿಸೊ ಸೂಪ್‌ನಲ್ಲೂ ಅದೇ, ನೂಡಲ್ಸ್ ಸಾರಿನಲ್ಲೂ ಅದೇ. ಹಾಗಾಗಿ ಮಾಂಸ ಬೇಡ, ಮೀನು ಬೇಡ ಅಂದರೆ ಸಾಲದು, ಮೀನಿನ ದಾಶಿ ಬೇಡ ಅಂತ ಬೇರೆಯಾಗಿ ಹೇಳಬೇಕು. ಜಪಾನಿಯಲ್ಲಿ ಬರೆಸಿದ ಒಂದು ಚೀಟಿ ಜೇಬಲ್ಲಿರಲಿ.

ಇದಕ್ಕೆ ದೇವಸ್ಥಾನದಲ್ಲೇ ಉತ್ತರ ಇದೆ: ಶೋಜಿನ್ ರಿಯೋರಿ, ಅಂದರೆ ಮಠದ ಊಟ. ಮಾಂಸ ಮೀನು ಇಲ್ಲ, ಸಾಂಪ್ರದಾಯಿಕವಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಾಶಿಯನ್ನು ಕೊಂಬು ಅನ್ನುವ ಸಮುದ್ರದ ಎಲೆಯಿಂದ, ಅಣಬೆಯಿಂದ ತೆಗೆಯುತ್ತಾರೆ. ಟೆನ್ರಿಯೂಜಿಯ ಆವರಣದಲ್ಲೇ ಶಿಗೆತ್ಸು ಅಂತ ಒಂದು ಜಾಗ ಇದೆ, ಮಧ್ಯಾಹ್ನದ ಊಟ ಮಾತ್ರ. ನೆಲದ ಮೇಲೆ ಕೆಂಪು ಬಟ್ಟೆ ಹಾಸಿ, ಚಿಕ್ಕ ಚಿಕ್ಕ ಅರಗಿನ ಬಟ್ಟಲಲ್ಲಿ ಬಡಿಸುತ್ತಾರೆ. ಎಳ್ಳಿನ 'ತೋಫು' ಒಂದು ಕೊಟ್ಟರು, ಬಾಯಲ್ಲಿಟ್ಟರೆ ಹಾಲುಬಾಯಿ ಥರ ಕರಗಿತು. ಖಾರ ಮಾತ್ರ ಕೇಳಬೇಡಿ. ಚಟ್ನಿಪುಡಿ ತೆಗೆಯಲು ಕೈ ಬ್ಯಾಗಿಗೆ ಹೋಯಿತು, ನಾಚಿಕೆಯಾಗಿ ವಾಪಸ್ ಬಂತು.

ಒಸಾಕಾದ_ಸೊಸೆ

ಮಂಡಕ್ಕಿ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಶಿಗೆತ್ಸುಗೆ ಮುಂಚೆಯೇ ಬುಕ್ ಮಾಡಿಕೊಳ್ಳಿ. ಮಂಡಿ ನೋವಿದೆ ಅಂತಲೂ ತಿಳಿಸಿ.

ಚಪ್ಪಲಿ ಬಗ್ಗೆ: ಎಲ್ಲಾ ಕಡೆ ಬಿಚ್ಚಬೇಕು, ಹಾಕಬೇಕು. ಲೇಸ್ ಇರುವ ಶೂ ಬೇಡವೇ ಬೇಡ. ನವೆಂಬರ್‌ನಲ್ಲಿ ಮರದ ನೆಲ ಐಸ್ ಥರ ಇರುತ್ತದೆ, ದಪ್ಪ ಕಾಲುಚೀಲ ತನ್ನಿ. ತೂತಿಲ್ಲದ್ದು.

ಅರಸೀಕೆರೆ_ಜಂಕ್ಷನ್

ಫುಶಿಮಿ ಇನಾರಿ ಬೌದ್ಧ ದೇವಸ್ಥಾನ ಅಲ್ಲ ಅಂತ ಎಲ್ಲೋ ಓದಿದ ನೆನಪು?

ತುಂಗೆಯ_ತೀರ

ಹೌದು, ಅದು ಶಿಂಟೊ, ಅಂದರೆ ಜಪಾನಿನ ಮೂಲ ಧರ್ಮದ್ದು. ಹೆಸರಿನ ಬಾಲ ನೋಡಿದರೆ ಗೊತ್ತಾಗುತ್ತದೆ. ಜಿ, ದೆರಾ, ಇನ್ ಅಂತ ಮುಗಿದರೆ ಸಾಮಾನ್ಯವಾಗಿ ಬೌದ್ಧರದ್ದು. ಜಿಂಜಾ, ತೈಶಾ, ಜಿಂಗೂ ಅಂದರೆ ಶಿಂಟೊ. ಕಂಬ ನೆಟ್ಟು ಮೇಲೆ ಅಡ್ಡಪಟ್ಟಿ ಹಾಕಿದ ತೋರಿ ಬಾಗಿಲು ಶಿಂಟೊದ ಗುರುತು. ಅಲ್ಲಿ ಎರಡು ಸಲ ಚಪ್ಪಾಳೆ ತಟ್ಟಿ ಕೈಮುಗಿಯುತ್ತಾರೆ. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ತಟ್ಟಬಾರದು, ಸುಮ್ನೆ ನಮ್ಮ ಥರ ಕೈಮುಗಿದರೆ ಸಾಕು. ಹಾಗಂತ ಎರಡೂ ಜಗಳ ಆಡಿಕೊಂಡಿಲ್ಲ. 1868ರ ನಂತರ ಸರ್ಕಾರ ಆಜ್ಞೆ ಮಾಡಿ ಬೇರೆ ಮಾಡುವವರೆಗೂ ಒಂದೇ ಆವರಣದಲ್ಲಿ ಎರಡೂ ಇರುತ್ತಿದ್ದವು. ಈಗಲೂ ಎಷ್ಟೋ ಬೌದ್ಧ ದೇವಸ್ಥಾನದೊಳಗೆ ಒಂದು ಪುಟ್ಟ ತೋರಿ ಕಾಣುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ, ನನಗೆ ಬಹಳ ಖುಷಿ ಕೊಟ್ಟದ್ದು. ತೋಜಿಯನ್ನು 823ರಲ್ಲಿ ಚಕ್ರವರ್ತಿ ಕೂಕಾಯ್ ಅನ್ನುವ ಸನ್ಯಾಸಿಗೆ ಕೊಟ್ಟ. ಕೂಕಾಯ್ ಚೀನಾಕ್ಕೆ ಹೋಗಿ ತಾಂತ್ರಿಕ ಬೌದ್ಧ ವಿದ್ಯೆ ಕಲಿತು ಬಂದವರು. ಅಲ್ಲಿದ್ದ ಪ್ರಜ್ಞ ಎಂಬ ಭಾರತದ ಭಿಕ್ಷುವಿನಿಂದ ಸಂಸ್ಕೃತವನ್ನೂ ಕಲಿತರು. ಅವರು ತಂದ ಶಿಂಗೊನ್ ಪಂಥದಲ್ಲಿ ಇವತ್ತಿಗೂ 'ಗೋಮ' ಮಾಡುತ್ತಾರೆ. ಗೋಮ ಅಂದರೆ ನಮ್ಮ ಹೋಮವೇ. ಬೆಂಕಿಗೆ ಸಮಿತ್ತು ಹಾಕಿ ಮಂತ್ರ ಹೇಳುತ್ತಾರೆ. ಮಂತ್ರದ ಕೊನೆಗೆ 'ಸೊವಾಕಾ' ಅಂತ ಬಂದರೆ ಅದು ಸ್ವಾಹಾ.

ದೇವಸ್ಥಾನದ ಹಿಂದೆ ಸ್ಮಶಾನ ಇದ್ದರೆ ಅಲ್ಲಿ ಉದ್ದದ ಮರದ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ. ಅದರ ಮೇಲೆ ಕೆಲವು ಅಕ್ಷರ ಚೀನಿಯೂ ಅಲ್ಲ, ಜಪಾನಿಯೂ ಅಲ್ಲ. ಅದು ಸಿದ್ಧಂ ಲಿಪಿ. ಮೇಲಿಂದ ಕೆಳಗೆ ಖ, ಹ, ರ, ವ, ಅ. ಆಕಾಶ, ವಾಯು, ಅಗ್ನಿ, ನೀರು, ಭೂಮಿ. ಬ್ರಾಹ್ಮಿಯಿಂದ ಹುಟ್ಟಿದ ಲಿಪಿ, ನಮ್ಮ ಕನ್ನಡದ ದಾಯಾದಿ. ಜಪಾನಿ ಮಕ್ಕಳು ಶಾಲೆಯಲ್ಲಿ ಹೇಳುವ ಅಕ್ಷರಮಾಲೆಯ ಕ್ರಮ ನೋಡಿ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಕ ಮೊದಲು, ಯ ರ ವ ಕೊನೆಗೆ. ಈ ಕ್ರಮ ಬಂದದ್ದು ಸಿದ್ಧಂ ಓದಿದ ಸನ್ಯಾಸಿಗಳಿಂದ.

ಬಸವನಗುಡಿ_ಬೈಕು

ಇದನ್ನೆಲ್ಲ ನಾನು ಹೋಗುವ ಮೊದಲು ಯಾಕೆ ಬರೆಯಲಿಲ್ಲ ಮಾರಾಯ್ರೆ?

ಲೆನ್ಸ್_ಲೋಕ

ಕಿಂಕಾಕುಜಿ ಬಗ್ಗೆ ಒಂದು ಮಾತು. ಚಿನ್ನದ ಮಂಟಪ ಅಂತ ಎಲ್ಲರೂ ಓಡುತ್ತಾರೆ. ಹಳೆಯದು 1950ರಲ್ಲಿ ಸುಟ್ಟುಹೋಯಿತು, ಅಲ್ಲಿನ ಒಬ್ಬ ಯುವ ಸನ್ಯಾಸಿಯೇ ಬೆಂಕಿ ಇಟ್ಟ. ಈಗಿರುವುದು 1955ರದು, ಚಿನ್ನದ ರೇಕು 1987ರಲ್ಲಿ ಹೊಸದಾಗಿ ಹಚ್ಚಿದ್ದು. ನಮ್ಮಪ್ಪನಿಗಿಂತ ಚಿಕ್ಕದು. ಹಂಪಿ, ಬೇಲೂರು ಬಿಟ್ಟು ಬಂದವರು ಇದನ್ನು ಯಾಕೆ ನೋಡಬೇಕು? ನೇರವಾಗಿ ಕಿತ್ತು ಹಾಕಿ.

ಕುಡ್ಲದ_ಮೀನು

ಸ್ವಾಮೀ, ನಿಮ್ಮೂರ ತೇರು ಎಷ್ಟು ವರ್ಷದ್ದು? ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಹಗ್ಗ ವರ್ಷ ವರ್ಷ ಬದಲಾಗುತ್ತದೆ. ಇದು ಹೊಸ ತೇರು, ನಾನು ಎಳೆಯಲ್ಲ ಅಂತ ಯಾರಾದರೂ ಹೇಳುತ್ತಾರಾ?

ಅವರದ್ದು ಮರದ ಊರು. ಕಲ್ಲಿನ ಲೆಕ್ಕ ಅಲ್ಲಿ ನಡೆಯಲ್ಲ. 1467ರಿಂದ 1477ರವರೆಗಿನ ಓನಿನ್ ಯುದ್ಧದಲ್ಲಿ ಊರಿನ ಬಹುಪಾಲು ಬೂದಿಯಾಯಿತು. ತೋಜಿಯ ಐದು ಅಂತಸ್ತಿನ ಗೋಪುರ ನಾಲ್ಕು ಸಲ ಸುಟ್ಟುಹೋಗಿದೆ, ಈಗಿನದು 1644ರಲ್ಲಿ ಕಟ್ಟಿದ ಐದನೆಯದು. ಕಿಯೊಮಿಜು ಶುರುವಾದದ್ದು 778ರಲ್ಲಿ, ಈಗಿನ ಮುಖ್ಯ ಕಟ್ಟಡ 1633ರದು. ಕಟ್ಟುವುದು, ಸುಡುವುದು, ಮತ್ತೆ ಕಟ್ಟುವುದು. ಆ ಊರಿನ ಕಥೆಯೇ ಅದು.

ಲೆನ್ಸ್_ಲೋಕ

ತೇರಿನ ಮಾತು ಒಪ್ಪಿದೆ. ರಶ್ ಮಾತ್ರ ಒಪ್ಪಲ್ಲ. ಕೆರೆಯ ಪಕ್ಕ ಒಂದು ಮಂದೆಯ ಜೊತೆ ನಡೆದು, ಒಂದು ಫೋಟೊ ತೆಗೆದು, ಇನ್ನೊಂದು ಬಾಗಿಲಿಂದ ಹೊರಗೆ. ಒಳಗೆ ಹೋಗೋಕೂ ಬಿಡಲ್ಲ.

ಒಸಾಕಾದ_ಸೊಸೆ

ಈ ಒಂದು ವಿಷಯದಲ್ಲಿ ನಾನು ಲೆನ್ಸ್ ಅವರ ಕಡೆ. ತೋಫುಕುಜಿಯನ್ನೂ ಬಿಡಿ. ಎಲೆ ಕೆಂಪಾಗುವ ದಿನಗಳಲ್ಲಿ ಅಲ್ಲಿನ ಸೇತುವೆ ಮೇಲೆ ಫೋಟೊ ತೆಗೆಯುವುದನ್ನೇ ನಿಷೇಧಿಸುವಷ್ಟು ಜನ.

ಯಾರೂ ಹೇಳದೇ ಇರುವುದು ಹಿಗಾಶಿ ಹೊಂಗಾಂಜಿ. ಕ್ಯೋಟೊ ಸ್ಟೇಷನ್ನಿನಿಂದ ಉತ್ತರಕ್ಕೆ ನಡೆದೇ ಹೋಗಬಹುದು. ಟಿಕೆಟ್ ಇಲ್ಲ. ಹೊಳೆಯುವುದೂ ಇಲ್ಲ, ಅದಕ್ಕೇ ಪ್ರವಾಸಿಗರು ಕಡಿಮೆ. 1864ರ ಬೆಂಕಿಯಲ್ಲಿ ಸುಟ್ಟು, 1880ರಿಂದ 1895ರವರೆಗೆ ಮತ್ತೆ ಕಟ್ಟಿದರು. ಆ ದೊಡ್ಡ ದೊಡ್ಡ ಮರದ ದಿಮ್ಮಿ ಎಳೆಯುವಾಗ ಮಾಮೂಲಿ ಹಗ್ಗ ಕಿತ್ತುಹೋಗುತ್ತಿತ್ತು. ಆಗ ದೇಶದ ಬೇರೆ ಬೇರೆ ಊರಿನ ಹೆಂಗಸರು ತಮ್ಮ ಕೂದಲು ಕತ್ತರಿಸಿ ಕೊಟ್ಟರು. ಅದನ್ನು ನಾರಿನ ಜೊತೆ ಹೊಸೆದು ಹಗ್ಗ ಮಾಡಿದರು. ಅಂಥದ್ದೊಂದು ಹಗ್ಗ ಎರಡು ಹಜಾರಗಳ ನಡುವಿನ ಓಣಿಯಲ್ಲಿ ಗಾಜಿನ ಹಿಂದೆ ಸುರುಳಿ ಸುತ್ತಿ ಇಟ್ಟಿದೆ. ನನ್ನ ತೋಳಿಗಿಂತ ದಪ್ಪ.

ನಮ್ಮ ಅಜ್ಜಿಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ತಿರುಪತಿಯಲ್ಲಿ ಮೂರು ಸಲ ಮುಡಿ ಕೊಟ್ಟವರು ಅವರು. ಹಗ್ಗದ ಮುಂದೆ ನಿಂತು, 'ಇವರು ಕೊಟ್ಟದ್ದು ಕೆಲಸಕ್ಕೆ ಬಂತು ನೋಡು' ಅಂದರು.

ಇನ್ನೊಂದು, ಉಳಿಯುವ ಜಾಗ ಸ್ಟೇಷನ್ನಿನ ದಕ್ಷಿಣಕ್ಕೆ, ತೋಜಿ ಕಡೆ ಮಾಡಿ. ಯಾಕೆ ಅಂತ ಅಲ್ಲಿ ಬೆಳಗ್ಗೆ ಆರಕ್ಕೆ ಎದ್ದು ಹೋದರೆ ಗೊತ್ತಾಗುತ್ತದೆ. ಮಿಯೆಇದೋ ಅಂತ ಕೇಳಿ, ತೋಜಿಯೊಳಗೆ ಕೂಕಾಯ್ ಅವರ ಗುಡಿ ಅದು. 21ನೇ ತಾರೀಕು ಅಲ್ಲೇ ಇದ್ದೀರಲ್ಲ, ಪ್ರತಿ ತಿಂಗಳು 21ಕ್ಕೆ ತೋಜಿ ಅಂಗಳದಲ್ಲಿ ಸಂತೆ. ಕೂಕಾಯ್ ತೀರಿಕೊಂಡ ತಿಥಿ ಅದು.

ಚಿತ್ರಾನ್ನ_ಪ್ರಿಯ

ಎಲ್ಲರಿಗೂ ಥ್ಯಾಂಕ್ಸ್. ಹದಿನಾಲ್ಕು ಈಗ ಆರಾಯ್ತು: ತೋಜಿ, ಹಿಗಾಶಿ ಹೊಂಗಾಂಜಿ, ಸಾಂಜೂಸಾಂಗೆನ್‌ದೋ, ಟೆನ್ರಿಯೂಜಿ (ಊಟ ಸಮೇತ), ಕಿಯೊಮಿಜು, ಬ್ಯೋದೋಇನ್. ಕಿಂಕಾಕುಜಿ ಬಿಟ್ಟದ್ದಕ್ಕೆ ಆಫೀಸಿನವರು ನಗುತ್ತಿದ್ದಾರೆ. ಬಂದ ಮೇಲೆ ಬರೆಯುತ್ತೇನೆ.

ಚಿತ್ರಾನ್ನ_ಪ್ರಿಯ

ಬಂದೆವು. ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ದಿನ ಹಿಗಾಶಿ ಹೊಂಗಾಂಜಿ, ಆಮೇಲೆ ಸಾಂಜೂಸಾಂಗೆನ್‌ದೋ. ಗರುಡನನ್ನು ಅಮ್ಮ ನಾನು ತೋರಿಸುವ ಮೊದಲೇ ಗುರುತು ಹಿಡಿದರು. 'ಕೊಳಲು ಕೃಷ್ಣಂದಲ್ವಾ, ಇವನ ಕೈಗೆ ಹೇಗೆ ಬಂತು?' ಅಂತ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾವಿರ ಮುಖದಲ್ಲಿ ಬೇಕಾದವರ ಮುಖ ಸಿಗುತ್ತದಂತೆ ಅಂತ ಹೇಳಿದೆ. ಅಮ್ಮ ಗಂಭೀರವಾಗಿ ಹುಡುಕಿದರು. ಅಪ್ಪನ ಮುಖ ಹುಡುಕುತ್ತಿದ್ದಾರೆ ಅಂತ ನಾನು ಸ್ವಲ್ಪ ದೂರ ನಿಂತೆ. ಹತ್ತು ನಿಮಿಷ ಆದ ಮೇಲೆ ಕರೆದರು. 'ಆ ಮೂರನೇ ಸಾಲಿನವಳನ್ನ ನೋಡು. ನಮ್ಮ ಚೀಟಿ ದುಡ್ಡು ತಗೊಂಡು ಊರು ಬಿಟ್ಟಳಲ್ಲ, ಥೇಟ್ ಅವಳೇ.' ನೋಡಬೇಕು ಅಂತ ಆಸೆಪಡುವ ಮುಖ ಅಂದಿದ್ದಿರಿ, ಮೀನು ಅವರೇ. ಸರಿಯಾಗೇ ಇದೆ.

ಎರಡನೇ ದಿನ ಬೆಳಗ್ಗೆ ಐದೂಮುಕ್ಕಾಲಿಗೆ ತೋಜಿ. ಇನ್ನೂ ಕತ್ತಲು, ಉಸಿರು ಬಿಟ್ಟರೆ ಹೊಗೆ. ಗೋಪುರ ಕಾಣಲಿಲ್ಲ, ಆಕಾಶದಲ್ಲಿ ಅಷ್ಟು ಜಾಗದಲ್ಲಿ ಮಾತ್ರ ನಕ್ಷತ್ರ ಇರಲಿಲ್ಲ. ಮಿಯೆಇದೋ ಒಳಗೆ ಊರಿನ ಮುದುಕರು ಇಪ್ಪತ್ತು ಮೂವತ್ತು ಜನ. ಯಾರೂ ನಮ್ಮನ್ನು ಯಾರು ಏನು ಅಂತ ಕೇಳಲಿಲ್ಲ, ಒಬ್ಬಜ್ಜಿ ಜರುಗಿ ಜಾಗ ಕೊಟ್ಟರು. ಕೂಕಾಯ್ ಈಗಲೂ ಬದುಕಿದ್ದಾರೆ ಅಂತ ಅಲ್ಲಿನವರ ಭಾವನೆ. ಅದಕ್ಕೆ ದಿನಾ ಬೆಳಗ್ಗೆ ಅವರಿಗೆ ಊಟ ಕೊಡುತ್ತಾರೆ, ಆಮೇಲೆ ಚಹಾ. ಅಮ್ಮನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. 'ನೈವೇದ್ಯ' ಅಂದರು, ಕಣ್ಣು ಮುಚ್ಚಿದರು. ಮಂತ್ರ ಓದುವಾಗ 'ಸೊವಾಕಾ' ನನಗೂ ಕೇಳಿಸಿತು, ತುಂಗೆ ಅವರೇ.

ಕೊನೆಗೆ ಎಲ್ಲರೂ ಸಾಲಾಗಿ ಹೋದರು. ಬುದ್ಧನ ಅಸ್ಥಿಯದು ಅನ್ನುವ ಒಂದು ಚಿಕ್ಕ ಕರಂಡಕವನ್ನು ತಲೆಗೆ, ಕೈಗೆ ಮುಟ್ಟಿಸುತ್ತಾರೆ. ದೇವಸ್ಥಾನದಲ್ಲಿ ಶಠಾರಿ ಇಡುತ್ತಾರಲ್ಲ, ಹಾಗೇ. ಅಮ್ಮ ಸೆರಗು ಸರಿಮಾಡಿಕೊಂಡು ತಲೆ ಬಗ್ಗಿಸಿದರು. ಆಮೇಲೆ ಅಭ್ಯಾಸ ಬಲದಿಂದ ಎಡಗೈ ಮೇಲೆ ಬಲಗೈ ಇಟ್ಟು, ಗುಳಿ ಮಾಡಿ, ಅಲ್ಲೇ ನಿಂತರು. ಹಿಂದೆ ಸಾಲು ನಿಂತುಹೋಯಿತು. ಸನ್ಯಾಸಿ ಅಮ್ಮನನ್ನು ನೋಡಿದರು, ಅಮ್ಮ ಸನ್ಯಾಸಿಯನ್ನು ನೋಡಿದರು. ನಾನು ಮೆಲ್ಲಗೆ ತೋಳು ಹಿಡಿದು ಎಳೆದುಕೊಂಡು ಬಂದೆ. ಹೊರಗೆ ಬಂದ ಮೇಲೆ ಕೇಳಿದರು: 'ತೀರ್ಥ ಕೊಡಲ್ವಾ ಇವರು?'

ಬೆಳಕಾದ ಮೇಲೆ ಟಿಕೆಟ್ ತಗೊಂಡು ಉಪನ್ಯಾಸದ ಹಜಾರ ನೋಡಿದೆವು. 21 ಮೂರ್ತಿಗಳ ಮಂಡಲ, ಹೆಚ್ಚಿನವು 9ನೇ ಶತಮಾನದವು. ಬ್ರಹ್ಮ ನಾಲ್ಕು ಹಂಸದ ಮೇಲೆ, ಇಂದ್ರ ಆನೆ ಮೇಲೆ. ಆನೆಯ ಮುಖ ಸ್ವಲ್ಪ ಹಂದಿ ಥರ ಇದೆ. ಆನೆ ನೋಡದೇ ಕೆತ್ತಿದ್ದಾರೆ ಪಾಪ ಅಂತ ಅಮ್ಮನ ತೀರ್ಪು.

ಟೆನ್ರಿಯೂಜಿ ಊಟಕ್ಕೆ ಹತ್ತಕ್ಕೆ ಒಂಬತ್ತು. ಒಂದು ಅಂಕ ಉಪ್ಪಿನಕಾಯಿಗೆ ಕಳೆದಿದ್ದಾರೆ. ಬ್ಯೋದೋಇನ್‌ಗೆ ಹೋಗಿದ್ದು ಕೊನೆಯ ದಿನ, ಸಂತೆ ಸುತ್ತಿ ಆದ ಮೇಲೆ. 10 ಯೆನ್ ನಾಣ್ಯದ ಮೇಲಿರುವ ಕಟ್ಟಡ ಅದೇ, 1053ರದು. ಅಮ್ಮ ನಾಣ್ಯ ಕೈಯಲ್ಲಿ ಹಿಡಿದು ಕೆರೆಯಾಚೆ ನಿಂತು ಕಂಬ ಎಣಿಸಿ ತಾಳೆ ನೋಡಿದರು. ಒಳಗೆ ಹೋಗೋಕೆ ಬೇರೆ ಟಿಕೆಟ್, 300 ಯೆನ್, ಒಂದು ಸಲಕ್ಕೆ 50 ಜನ. ನಾವು ಹೋಗುವ ಹೊತ್ತಿಗೆ ಆ ದಿನದ್ದು ಮುಗಿದಿತ್ತು. ನೀವು ಹೋದರೆ ಮೊದಲು ಅದನ್ನೇ ತಗೊಳ್ಳಿ.

ಬಸವನಗುಡಿ_ಬೈಕು

ಕಿಯೊಮಿಜು ಏನಾಯ್ತು? ಬರೆಯಲೇ ಇಲ್ಲ.

ಚಿತ್ರಾನ್ನ_ಪ್ರಿಯ

ಮೂರನೇ ದಿನ ಬೆಳಗ್ಗೆ ಆರಕ್ಕೇ ಹೋದೆವು. ನೀವು ಹೇಳಿದ ಟೈಮ್ ಸರಿಯಾಗಿತ್ತು. ಟ್ಯಾಕ್ಸಿ ಮೇಲಿನವರೆಗೆ ಹೋಗಲ್ಲ, ಕೊನೆಯ ಏರು ನಡೆಯಲೇಬೇಕು. ಅಮ್ಮ ಎರಡು ಸಲ ಕೂತರು. ಆ ಮರದ ಅಟ್ಟಣೆ 13 ಮೀಟರ್ ಎತ್ತರ. ಹಿಂದೆ ಜನ ಹರಕೆ ಹೊತ್ತು ಅಲ್ಲಿಂದ ಹಾರುತ್ತಿದ್ದರಂತೆ, 1872ರಲ್ಲಿ ನಿಷೇಧಿಸಿದರು. ಅಮ್ಮ ಇಣುಕಿ ನೋಡಿ, 'ಮಂಡಿ ನೋವಿದ್ದವರಿಗೆ ಇಳಿಯೋಕೆ ಸುಲಭದ ದಾರಿ' ಅಂದರು. ಮೆಟ್ಟಿಲು ಬಿಟ್ಟು ಸುತ್ತು ದಾರಿಯಲ್ಲಿ ನಿಧಾನಕ್ಕೆ ಇಳಿದೆವು.

ಕುಡ್ಲದ_ಮೀನು

ಹಾಗಾದರೆ ಕೆಳಗೆ ಒತೊವಾ ಧಾರೆ ಸಿಕ್ಕಿರಬೇಕಲ್ಲ? ತೋಜಿಯಲ್ಲಿ ತಪ್ಪಿದ ತೀರ್ಥ ಅಲ್ಲಿ ಸಿಗುತ್ತದೆ. ಮೂರು ಧಾರೆ. ಆಯುಸ್ಸು, ವಿದ್ಯೆ, ಪ್ರೀತಿ ಅಂತಾರೆ. ಒಂದನ್ನು ಆರಿಸಿ ಕುಡಿಯಬೇಕು, ಮೂರೂ ಕುಡಿದರೆ ದುರಾಸೆ, ಏನೂ ಸಿಗಲ್ಲವಂತೆ. ಅಮ್ಮ ಯಾವುದು ಕುಡಿದರು?

ಚಿತ್ರಾನ್ನ_ಪ್ರಿಯ

ಮೂರೂ. ಒಂದು ಬಾಟಲಿ ತುಂಬಿಸಿಕೊಂಡು ಬಂದಿದ್ದಾರೆ. ದೇವರ ಕೋಣೆಯಲ್ಲಿ ಗಂಗೆಯ ಚೊಂಬಿನ ಪಕ್ಕ ಇದೆ.